ಆಟಗಾರರ ಪಾದ ನೋಡುವ ವಿದ್ಯೆ: ಎಲ್ಲಿ ಕಲಿಯಬೇಕು, ಹೇಗೆ ಆರಿಸಬೇಕು?

ಪಿಯುಸಿ ವಿಜ್ಞಾನ ಓದುವ ಮಕ್ಕಳಿಗೆ ಡಾಕ್ಟರು, ನರ್ಸಿಂಗ್, ಫಾರ್ಮಸಿ ಗೊತ್ತು. ಖೋಖೋ, ಕಬಡ್ಡಿ, ಓಟದಲ್ಲಿ ತಾಲ್ಲೂಕು, ಜಿಲ್ಲಾ ಮಟ್ಟಕ್ಕೆ ಹೋಗಿಬಂದ ಮಕ್ಕಳು ಮಾತ್ರ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ‘ಸರ್, ಆಟಗಾರರ ಕಾಲು ನೋಡೋ ಡಾಕ್ಟರ್ ಇರ್ತಾರಲ್ಲ, ಅದನ್ನ ಎಲ್ಲಿ ಓದಬೇಕ್ರಿ?’ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಅಂಥ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಈ ಬರಹ. ಏನೂ ಗೊತ್ತಿಲ್ಲದವರು ಎಂದುಕೊಂಡೇ ಮೊದಲಿನಿಂದ ಹೇಳುತ್ತೇನೆ.

ಪಾದದ ಆರೋಗ್ಯವನ್ನು ನೋಡಿಕೊಳ್ಳುವ ವಿದ್ಯೆಗೆ ಪೊಡಿಯಾಟ್ರಿ ಎಂದು ಹೆಸರು. ಅದನ್ನು ಕಲಿತವರು ಪೊಡಿಯಾಟ್ರಿಸ್ಟ್. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಇದಕ್ಕೇ ಮೀಸಲಾದ ಕಾಲೇಜುಗಳಿವೆ, ಪದವಿಗಳಿವೆ. ನಮ್ಮಲ್ಲಿ ಹಾಗೆ ನೇರವಾದ ಒಂದೇ ದಾರಿ ಇಲ್ಲ; ಬೇರೆ ಪದವಿಯ ಮೂಲಕ ಒಳಗೆ ಬಂದು ಆಮೇಲೆ ಪಾದದ ಕಡೆ ತಿರುಗಬೇಕು. ಆದ್ದರಿಂದ ಮೊದಲು ದಾರಿ ಆರಿಸಿ, ಕಾಲೇಜಿನ ಹೆಸರು ಆಮೇಲೆ ಹುಡುಕಿ. ಈ ಕ್ರಮ ತಲೆಕೆಳಗಾದರೆ ದುಡ್ಡೂ ಹೋಗುತ್ತದೆ, ವರ್ಷಗಳೂ ಹೋಗುತ್ತವೆ.

ಪಾದದಲ್ಲಿ ಕಲಿಯುವುದು ಏನಿದೆ?

ನಮ್ಮ ಮೈಯಲ್ಲಿರುವ 206 ಎಲುಬುಗಳಲ್ಲಿ ಒಂದೊಂದು ಪಾದಕ್ಕೆ 26ರಂತೆ 52 ಎಲುಬು ಎರಡು ಪಾದಗಳಲ್ಲೇ ಇವೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡು, ಮೂರು ಪಟ್ಟು ಭಾರ ಒಂದೇ ಪಾದದ ಮೇಲೆ ಬೀಳುತ್ತದೆ. ಆ ಭಾರವನ್ನು ಪಾದ ಹೇಗೆ ಹೊರುತ್ತದೆ, ಹೇಗೆ ಹಂಚುತ್ತದೆ, ಎಲ್ಲಿ ಸೋಲುತ್ತದೆ ಎಂದು ತಿಳಿಯುವುದೇ ಈ ವಿದ್ಯೆಯ ತಳಪಾಯ.

ಮೂರು ಉದಾಹರಣೆ ಕೊಡುತ್ತೇನೆ. ಕಬಡ್ಡಿ ಆಡುವ ಹುಡುಗನ ಕಾಲು ಒಳಕ್ಕೆ ಮಡಚಿ ಉಳುಕುತ್ತದೆ. ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಿ, ಬಾವು ಇಳಿದ ಕೂಡಲೇ ಮತ್ತೆ ಅಂಕಣಕ್ಕೆ ಕಳಿಸುತ್ತಾರೆ. ಆದರೆ ಪಾದದ ಗಂಟಿನ ಹೊರಬದಿಯಲ್ಲಿ ಎಲುಬಿನಿಂದ ಎಲುಬಿಗೆ ಕಟ್ಟಿದ ಅಸ್ಥಿರಜ್ಜು ಎಳೆದುಹೋಗಿರುತ್ತದೆ. ಅದು ಮಾಯುವ ಮೊದಲು, ಸಮತೋಲನದ ವ್ಯಾಯಾಮ ಮಾಡಿಸದೆ ಆಡಿಸಿದರೆ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ. ಉಳುಕಿದವರಿಗೆಲ್ಲ ಎಕ್ಸ್‌ರೇ ಬೇಕೇ? ಇದಕ್ಕೆ ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಸರಳ ನಿಯಮಗಳನ್ನು ಪ್ರಕಟಿಸಿದರು. ಗಾಯಗೊಂಡವರು ನಾಲ್ಕು ಹೆಜ್ಜೆ ನಡೆಯಬಲ್ಲರೇ, ಗಂಟಿನ ಎರಡು ಬದಿಯ ಎಲುಬಿನ ಹಿಂದಂಚನ್ನೂ ಪಾದದ ಮತ್ತೆರಡು ಗೊತ್ತಾದ ಎಲುಬುಗಳನ್ನೂ ಒತ್ತಿದರೆ ನೋವಿದೆಯೇ ಎಂದು ನೋಡಿ ತೀರ್ಮಾನಿಸುವ ವಿಧಾನ ಅದು. ಕಲಿತ ಬೆರಳಿಗೆ ಎಲ್ಲಿ ಒತ್ತಬೇಕೆಂದು ಗೊತ್ತಿರುತ್ತದೆ.

ಎರಡನೆಯದು, ಹತ್ತು ಹನ್ನೊಂದು ವರ್ಷದ ಮಗು ಓಡಿದ ಮೇಲೆ ಹಿಮ್ಮಡಿ ನೋವು ಎಂದು ಅಳುತ್ತದೆ. ಆ ವಯಸ್ಸಿನಲ್ಲಿ ಹಿಮ್ಮಡಿ ಎಲುಬಿನ ಬೆಳೆಯುವ ಭಾಗವನ್ನು ಮೀನಖಂಡದ ಸ್ನಾಯು ಎಳೆದೂ ಎಳೆದೂ ನೋವು ಬರುವುದು ಸಾಮಾನ್ಯ. ಓಟ ಸ್ವಲ್ಪ ಕಡಿಮೆ ಮಾಡಿ, ಹಿಮ್ಮಡಿಗೆ ಮೆತ್ತೆ ಇಟ್ಟರೆ, ಬೆಳವಣಿಗೆಯೊಂದಿಗೆ ತಾನೇ ಹೋಗುವ ನೋವು ಇದು. ಇದೇ ಹಿಮ್ಮಡಿ ನೋವು ನಲವತ್ತರ ಓಟಗಾರನಿಗೆ ಬಂದರೆ ಕಾರಣವೂ ಬೇರೆ, ಚಿಕಿತ್ಸೆಯೂ ಬೇರೆ.

ಮೂರನೆಯದು, ದೂರದ ಓಟಕ್ಕೆ ತಯಾರಾಗುವ ಹುಡುಗಿ ಅಭ್ಯಾಸವನ್ನು ದಿಢೀರನೆ ಹೆಚ್ಚಿಸುತ್ತಾಳೆ. ಪಾದದ ನಡುವಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ‘ಏನೂ ಇಲ್ಲ, ಓಡು’ ಎಂದವರ ಮಾತು ಕೇಳಿ ಓಡಿದರೆ ಬಿರುಕು ಮುರಿತವಾಗುತ್ತದೆ.

ಬೂಟಿನ ವಿಷಯವೂ ಈ ವಿದ್ಯೆಗೆ ಸೇರಿದ್ದು. ಪಶ್ಚಿಮ ಬಂಗಾಳದ ಸ್ವಪ್ನಾ ಬರ್ಮನ್ ಅವರ ಒಂದೊಂದು ಪಾದಕ್ಕೂ ಆರು ಬೆರಳು. ಸಾಮಾನ್ಯ ಸ್ಪೈಕ್ ಬೂಟಿನಲ್ಲಿ ನೋವು ನುಂಗುತ್ತಲೇ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಹೆಪ್ಟಾಥ್ಲಾನ್ ಚಿನ್ನ ಗೆದ್ದರು. ಭಾರತಕ್ಕೆ ಆ ಸ್ಪರ್ಧೆಯಲ್ಲಿ ಅದು ಮೊದಲ ಚಿನ್ನ. ಅವರ ಪಾದಕ್ಕೆ ಹೊಂದುವ ವಿಶೇಷ ಬೂಟು ಸಿಕ್ಕಿದ್ದು ಗೆದ್ದ ಮೇಲೆ. ಪಾದವನ್ನು ಬಲ್ಲ ಒಬ್ಬರು ಮೊದಲಿನಿಂದ ಜೊತೆಗಿದ್ದಿದ್ದರೆ ಎಷ್ಟು ನೋವು ತಪ್ಪುತ್ತಿತ್ತು ಎಂದು ಯೋಚಿಸಿ. ಪದಕದವರೆಗೆ ಹೋಗದೆ, ಇಂಥದ್ದೇ ನೋವಿಗೆ ಆಟ ಬಿಟ್ಟ ಮಕ್ಕಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ನಮ್ಮ ದೇಶದಲ್ಲಿ ಪರಿಸ್ಥಿತಿ ಹೇಗಿದೆ?

ಭಾರತದಲ್ಲಿ ಪಾದದ ಚಿಕಿತ್ಸೆ ಬೆಳೆದದ್ದು ಆಟದ ಮೈದಾನದಿಂದಲ್ಲ, ಕುಷ್ಠ ಮತ್ತು ಮಧುಮೇಹದಿಂದ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದ ಹಾಳಾಗುವುದು ರೋಗಾಣು ತಿಂದದ್ದರಿಂದಲ್ಲ, ನೋವೇ ಗೊತ್ತಾಗದೆ ಗಾಯದ ಮೇಲೆಯೇ ನಡೆಯುವುದರಿಂದ ಎಂದು ತೋರಿಸಿಕೊಟ್ಟರು. ಮೆತ್ತನೆಯ ಸೂಕ್ಷ್ಮರಂಧ್ರ ರಬ್ಬರಿನ ಚಪ್ಪಲಿಗಳು ಆ ಕೆಲಸದಿಂದಲೇ ಬಂದವು. ಮಧುಮೇಹದಲ್ಲೂ ಪಾದ ಜೋಮು ಹಿಡಿದು ಹೀಗೆಯೇ ಹುಣ್ಣಾಗುತ್ತದೆ. ಹೀಗಾಗಿ ನಮ್ಮಲ್ಲಿ ‘ಪೊಡಿಯಾಟ್ರಿ’ ಎಂಬ ಫಲಕ ಕಂಡರೆ ಒಳಗೆ ನಡೆಯುವುದು ಬಹುಪಾಲು ಮಧುಮೇಹದ ಪಾದದ ಆರೈಕೆ. ಆಟಗಾರರ ಪಾದವನ್ನು ಹೆಚ್ಚಾಗಿ ನೋಡುವವರು ಫಿಸಿಯೋಥೆರಪಿಸ್ಟರು, ಎಲುಬಿನ ಡಾಕ್ಟರು ಮತ್ತು ಕ್ರೀಡಾ ವೈದ್ಯರು.

ಕಾನೂನು ಮಾತ್ರ ಒಂದು ಹೆಜ್ಜೆ ಮುಂದಿಟ್ಟಿದೆ. 2021ರಲ್ಲಿ ಸಂಸತ್ತು ಒಪ್ಪಿದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಫಿಸಿಯೋಥೆರಪಿಸ್ಟ್ ಇರುವಂತೆ ಪೊಡಿಯಾಟ್ರಿಸ್ಟ್ ಹೆಸರೂ ಇದೆ. ರಾಜ್ಯ ಮಂಡಳಿಗಳಲ್ಲಿ ನೋಂದಣಿ, ಒಂದೇ ಮಟ್ಟದ ಪಠ್ಯಕ್ರಮ ಈ ಕಾಯ್ದೆಯ ಗುರಿ. ನೀವು ಓದು ಮುಗಿಸುವ ಹೊತ್ತಿಗೆ ನೋಂದಣಿ ಇಲ್ಲದೆ ಕೆಲಸ ಮಾಡುವುದು ಕಷ್ಟವಾಗಲಿದೆ. ಹಾಗಾಗಿ ಇನ್ನು ಮುಂದೆ ಯಾವ ಕೋರ್ಸ್ ನೋಡಿದರೂ ಮೊದಲು ಕೇಳಬೇಕಾದ್ದು ಇದು: ಇದನ್ನು ಮುಗಿಸಿದರೆ ಯಾವ ಮಂಡಳಿಯಲ್ಲಿ ನನ್ನ ಹೆಸರು ನೋಂದಣಿಯಾಗುತ್ತದೆ?

ಮೂರು ದಾರಿಗಳು

ಮೊದಲನೆಯದು ಎಂಬಿಬಿಎಸ್. ನೀಟ್ ಬರೆದು ಸೀಟು ಪಡೆದು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಬೇಕು. ಆಮೇಲೆ ಮೂರು ವರ್ಷದ ಸ್ನಾತಕೋತ್ತರ: ಎಂಎಸ್ ಆರ್ಥೋಪೆಡಿಕ್ಸ್ ಮಾಡಿ ಪಾದ ಮತ್ತು ಗಂಟಿನ ಶಸ್ತ್ರಚಿಕಿತ್ಸೆಯಲ್ಲಿ ಫೆಲೋಶಿಪ್, ಇಲ್ಲವೇ ಎಂಡಿ ಸ್ಪೋರ್ಟ್ಸ್ ಮೆಡಿಸಿನ್. ಈ ಎಂಡಿ ಸೀಟುಗಳು ದೇಶದಲ್ಲಿ ಬಹಳ ಕಡಿಮೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಕ್ರೀಡಾ ಗಾಯಗಳ ಕೇಂದ್ರ, ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಈ ಕ್ಷೇತ್ರದ ಹೆಸರಾಂತ ಜಾಗಗಳು. ಚಾಕು ಹಿಡಿಯಬೇಕು, ಔಷಧಿ ಬರೆಯಬೇಕು ಎಂಬ ಆಸೆ ಇದ್ದವರಿಗೆ ಇದೊಂದೇ ದಾರಿ. ಹತ್ತು ವರ್ಷದ ತಾಳ್ಮೆ ಬೇಕು.

ಎರಡನೆಯದು ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ. ನಾಲ್ಕು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್. ಇಂಟರ್ನ್‌ಶಿಪ್ ಇದುವರೆಗೆ ಆರು ತಿಂಗಳಿತ್ತು. ಹೊಸ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಅದು ಒಂದು ವರ್ಷ. ಆಮೇಲೆ ಎರಡು ವರ್ಷದ ಎಂಪಿಟಿಯಲ್ಲಿ ಕ್ರೀಡಾ ವಿಭಾಗ ಆರಿಸಿಕೊಳ್ಳಬಹುದು. ತಂಡದ ಜೊತೆ ಮೈದಾನದಲ್ಲಿ ನಿಲ್ಲುವವರು, ಗಾಯಗೊಂಡವರನ್ನು ಮತ್ತೆ ಓಡುವಂತೆ ಮಾಡುವವರು ಹೆಚ್ಚಾಗಿ ಇವರೇ. ಕ್ರೀಡೆಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಕೇಳುವ ನಮ್ಮ ಭಾಗದ ಬಹುಪಾಲು ಮಕ್ಕಳಿಗೆ ನಾನು ಹೇಳುವುದು ಈ ದಾರಿಯನ್ನೇ.

ಮೂರನೆಯದು ಬಿಪಿಓ, ಅಂದರೆ ಕೃತಕ ಅಂಗ ಮತ್ತು ಆಧಾರ ಸಾಧನಗಳ ಪದವಿ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ವೃತ್ತಿ ಇದು. ಪಾದದ ಅಚ್ಚು ತೆಗೆದು ಬೂಟಿನೊಳಗಿನ ಆಧಾರ ಮಾಡುವುದು, ಗಂಟಿನ ಪಟ್ಟಿ, ಕೃತಕ ಕಾಲು ತಯಾರಿಸುವುದು ಇವರ ಕೆಲಸ. ಕೈಕೆಲಸದಲ್ಲಿ ಆಸಕ್ತಿ ಇರುವ, ಅಳತೆ ತಪ್ಪದ ಮಕ್ಕಳಿಗೆ ಹೇಳಿಮಾಡಿಸಿದ್ದು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಕರ್ನಾಟಕದ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಮೇಲೆ ಅಂಗವೈಕಲ್ಯವಿರುವ ಆಟಗಾರರತ್ತ ಜನ ತಿರುಗಿ ನೋಡತೊಡಗಿದರು. ಅಂಥ ಆಟಗಾರರಿಗೆ ಬೇಕಾಗುವ ಸಾಧನಗಳನ್ನು ಬಲ್ಲವರು ಇನ್ನೂ ಕಡಿಮೆ.

ಕರ್ನಾಟಕದಲ್ಲಿ ಎಲ್ಲೆಲ್ಲಿ?

ಮಣಿಪಾಲದಲ್ಲಿ ಫಿಸಿಯೋಥೆರಪಿ ವಿಭಾಗದೊಳಗೇ ಪೊಡಿಯಾಟ್ರಿ ಮತ್ತು ಮಧುಮೇಹದ ಪಾದದ ಕೇಂದ್ರವಿದೆ. ಫಿಸಿಯೋಥೆರಪಿಯಿಂದ ಪಾದದ ಕಡೆ ಹೋಗುವ ದಾರಿ ಹೇಗಿರುತ್ತದೆ ಎಂಬುದಕ್ಕೆ ಇದೇ ಒಳ್ಳೆಯ ಮಾದರಿ. ಬೆಂಗಳೂರಿನಲ್ಲಿ ಅಂತಃಸ್ರಾವ ವ್ಯಾಧಿಗಳಿಗಾಗಿಯೇ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆಯಲ್ಲಿ ಪೊಡಿಯಾಟ್ರಿ ವಿಭಾಗವಿದೆ. ಅಲ್ಲಿಯ ಕೆಲಸ ಮುಖ್ಯವಾಗಿ ಮಧುಮೇಹದ ಪಾದ, ವೈದ್ಯ ಪದವಿ ಮುಗಿಸಿದವರಿಗೆ ಅಲ್ಲಿ ಕಲಿಯುವುದಿದೆ. ಬಿಪಿಓ ಓದಲು ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಅದು. ಹೊರರಾಜ್ಯಕ್ಕೆ ಹೋಗಲು ಸಿದ್ಧರಿದ್ದರೆ ಕೋಲ್ಕತ್ತ, ಕಟಕ್ ಬಳಿಯ ಓಲತ್‌ಪುರ, ಚೆನ್ನೈನ ಕೇಂದ್ರ ಸರ್ಕಾರಿ ಸಂಸ್ಥೆಗಳಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬಹುದು. ಅಲ್ಲಿಯ ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಕಡಿಮೆ.

ಕ್ರೀಡೆಯ ಕಡೆಯಿಂದ ನೋಡಿದರೆ ನಮಗೆ ಹತ್ತಿರದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. 2018ರಲ್ಲಿ ಶುರುವಾದ ಅದು ಆಟಗಾರರ ತರಬೇತಿಯ ಜೊತೆ ಕ್ರೀಡಾ ವಿಜ್ಞಾನಕ್ಕೂ ಹೆಸರಾಗಿದೆ. ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಇವನ್ನು ಪದವಿಗಾಗಿ ನೋಡಬೇಡಿ. ಓದಿದ ಮೇಲೆ ಕೈ ಪಳಗಿಸಿಕೊಳ್ಳಲು, ಕೆಲಸ ಹುಡುಕಲು ನೋಡಿ.

ಹೊರದೇಶಕ್ಕೆ ಹೋಗುವುದಾದರೆ

ಬ್ರಿಟನ್ನಿನಲ್ಲಿ ಪೊಡಿಯಾಟ್ರಿ ಬಿಎಸ್ಸಿ ಸಾಮಾನ್ಯವಾಗಿ ಮೂರು ವರ್ಷ, ಸ್ಕಾಟ್ಲೆಂಡಿನಲ್ಲಿ ನಾಲ್ಕು. ಸುಮಾರು ಸಾವಿರ ಗಂಟೆ ರೋಗಿಗಳ ಜೊತೆಗಿನ ಅಭ್ಯಾಸ ಅದರಲ್ಲೇ ಸೇರಿರುತ್ತದೆ. ಬೇರೆ ಪದವಿ ಮುಗಿಸಿದವರಿಗೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ಎರಡು ವರ್ಷದ ಎಂಎಸ್ಸಿ ದಾರಿಯೂ ಇದೆ. ಅಲ್ಲಿ ಎಚ್‌ಸಿಪಿಸಿ ಎಂಬ ಮಂಡಳಿಯಲ್ಲಿ ನೋಂದಣಿಯಾಗದವರು ಪೊಡಿಯಾಟ್ರಿಸ್ಟ್ ಎಂದು ಹೇಳಿಕೊಳ್ಳುವುದು ಅಪರಾಧ. ಆಸ್ಟ್ರೇಲಿಯಾದಲ್ಲಿ ಪದವಿ ನಾಲ್ಕು ವರ್ಷ, ನೋಂದಣಿ ಅಲ್ಲಿನ ಪೊಡಿಯಾಟ್ರಿ ಮಂಡಳಿಯದು.

ಅಮೆರಿಕದ ದಾರಿ ಉದ್ದ. ಕಾಲೇಜಿನ ಓದು ಮುಗಿಸಿ, ಎಂಕ್ಯಾಟ್ ಎಂಬ ಪರೀಕ್ಷೆ ಬರೆದು, ನಾಲ್ಕು ವರ್ಷದ ಡಿಪಿಎಂ ಪದವಿ, ಆಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷದ ರೆಸಿಡೆನ್ಸಿ. ಅಲ್ಲಿ ಇವರು ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಇಡೀ ದೇಶಕ್ಕೆ ಇರುವುದು ಹತ್ತು ಹನ್ನೊಂದು ಕಾಲೇಜು: ಫಿಲಡೆಲ್ಫಿಯಾದ ಟೆಂಪಲ್, ಶಿಕಾಗೊ ಹತ್ತಿರದ ಶೋಲ್, ಒಹಾಯೊದ ಕೆಂಟ್ ಸ್ಟೇಟ್ ಅವುಗಳಲ್ಲಿ ಕೆಲವು. ಮಾನ್ಯತೆ ಕೊಡುವುದು ಸಿಪಿಎಂಇ ಎಂಬ ಪರಿಷತ್ತು. ಆಟಗಾರರ ಪಾದದ ವೈದ್ಯರದೇ ಒಂದು ಅಕಾಡೆಮಿ ಅಲ್ಲಿ 1970ರಿಂದ ಇದೆ. ಅಂಥ ದೇಶದಲ್ಲೂ ಕ್ರೀಡಾ ಪೊಡಿಯಾಟ್ರಿ ಎಂಬ ಬೇರೆ ಕಾಲೇಜು ಇಲ್ಲ. ಎಲ್ಲರೂ ಪಾದದ ವಿದ್ಯೆಯನ್ನು ಪೂರ್ತಿ ಕಲಿತು ಆಮೇಲೆ ಕ್ರೀಡೆಗೆ ತಿರುಗುತ್ತಾರೆ.

ತಂದೆತಾಯಿಗಳಿಗೆ ಒಂದು ಮುಖ್ಯ ಮಾತು. ಡಿಪಿಎಂ ಮಾಡಿ ಬಂದವರು ಭಾರತದಲ್ಲಿ ಎಂಬಿಬಿಎಸ್ ವೈದ್ಯರಂತೆ ನೋಂದಣಿ ಮಾಡಿಸಿಕೊಳ್ಳಲು, ಶಸ್ತ್ರಚಿಕಿತ್ಸೆ ಮಾಡಲು ಆಗುವುದಿಲ್ಲ. ಅಲ್ಲಿಯೇ ನೆಲೆಸುವ ಯೋಚನೆ ಇದ್ದರೆ ಸರಿ. ಊರಿಗೆ ಮರಳಿ ಆಸ್ಪತ್ರೆ ನಡೆಸುವ ಆಸೆ ಇದ್ದರೆ ಇಲ್ಲಿಯ ಪದವಿ ಮೊದಲು ಮಾಡಿ. ಜಮೀನು ಮಾರುವ ಮೊದಲು ಇದನ್ನು ಮನೆಯವರೆಲ್ಲ ಕುಳಿತು ಮಾತಾಡಬೇಕು.

ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ದಾರಿ ಗೊತ್ತಾದ ಮೇಲೆ ಕಾಲೇಜು ಆರಿಸುವುದು ಸುಲಭ. ಈ ಆರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಕೇಳಲು ಸಂಕೋಚ ಬೇಡ.

1. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ನೋಂದಣಿ ಯಾವ ಮಂಡಳಿಯಲ್ಲಿ? ಉತ್ತರವನ್ನು ಆ ಮಂಡಳಿಯ ಪಟ್ಟಿಯಲ್ಲಿ ನೀವೇ ತಾಳೆ ನೋಡಿ.

2. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಎಲುಬಿನ ವಿಭಾಗಕ್ಕೆ ದಿನಕ್ಕೆ ಎಷ್ಟು ಹೊರರೋಗಿಗಳು ಬರುತ್ತಾರೆ? ರೋಗಿಗಳೇ ಇಲ್ಲದ ಕಡೆ ಕಲಿಕೆ ಪುಸ್ತಕದಲ್ಲೇ ಉಳಿಯುತ್ತದೆ.

3. ವಿದ್ಯಾರ್ಥಿ ಯಾವ ವರ್ಷದಿಂದ ರೋಗಿಯನ್ನು ಮುಟ್ಟಿ ನೋಡುತ್ತಾನೆ, ಯಾರ ಮೇಲ್ವಿಚಾರಣೆಯಲ್ಲಿ?

4. ನಡಿಗೆಯನ್ನು ಅಳೆಯುವ, ಪಾದದ ಒತ್ತಡ ತೋರಿಸುವ ಉಪಕರಣಗಳಿವೆಯೇ? ಇದ್ದರೆ ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ, ಬರುವ ಅತಿಥಿಗಳಿಗೆ ತೋರಿಸಲು ಮಾತ್ರವೇ?

5. ಕ್ರೀಡಾಕೂಟಗಳಿಗೆ, ತಂಡಗಳಿಗೆ ವಿದ್ಯಾರ್ಥಿಗಳನ್ನು ಕಳಿಸುತ್ತಾರೆಯೇ?

6. ಕಳೆದ ಎರಡು ಮೂರು ವರ್ಷ ಓದಿ ಹೋದವರು ಈಗ ಎಲ್ಲಿದ್ದಾರೆ? ಹೊರದೇಶದ ಕಾಲೇಜಾದರೆ ಎಷ್ಟು ಜನ ಲೈಸೆನ್ಸ್ ಪರೀಕ್ಷೆ ಪಾಸಾದರು, ಎಷ್ಟು ಜನಕ್ಕೆ ರೆಸಿಡೆನ್ಸಿ ಸಿಕ್ಕಿತು?

ಆರನೆಯದಕ್ಕೆ ಆಡಳಿತದವರ ಉತ್ತರ ಸಾಲದು. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಕೇಳಿ. ಕಟ್ಟಡ ನೋಡಿ ಮರುಳಾಗಬೇಡಿ. ಆರು ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿದರೆ ‘ಪೊಡಿಯಾಟ್ರಿಸ್ಟ್’ ಆಗುತ್ತೀರಿ ಎಂದು ಯಾರಾದರೂ ಹೇಳಿದರೆ ಮೊದಲ ಪ್ರಶ್ನೆಯನ್ನೇ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ನಮ್ಮ ಐದು ಊರಿನವರಿಗೆ ಇರುವ ಅನುಕೂಲಗಳು

ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಮಕ್ಕಳಿಗಾಗಿಯೇ ಬಂದದ್ದು. ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳ ಮೀಸಲಾತಿ ಅದರಿಂದ ಸಿಗುತ್ತದೆ. ಅದರ ಪ್ರಮಾಣಪತ್ರವನ್ನು ಅಸಿಸ್ಟಂಟ್ ಕಮಿಷನರ್ ಕಚೇರಿಯಿಂದ ಪಡೆಯಬೇಕು. ಫಲಿತಾಂಶ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಮೊದಲ ಪಿಯುಸಿಯಲ್ಲೇ ಮಾಡಿಸಿ ಇಡಿ. ಜಾತಿ, ಆದಾಯ ಪ್ರಮಾಣಪತ್ರಗಳಿಗೂ ಇದೇ ಮಾತು.

ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ಕಾರ್ಮಿಕರಲ್ಲಿ ಇಎಸ್‌ಐ ಕಾರ್ಡ್ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಇಎಸ್‌ಐ ವಿಮೆ ಇರುವ ಕಾರ್ಮಿಕರ ಮಕ್ಕಳಿಗೆ ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜುಗಳಲ್ಲಿ ಪ್ರತ್ಯೇಕ ಎಂಬಿಬಿಎಸ್ ಸೀಟುಗಳಿವೆ, ಅಂಥ ಒಂದು ಕಾಲೇಜು ನಮ್ಮ ಕಲಬುರಗಿಯಲ್ಲೇ ಇದೆ. ನೀಟ್ ಬರೆಯಲೇಬೇಕು, ಜೊತೆಗೆ ಇಎಸ್‌ಐ ಕಚೇರಿಯ ಪ್ರಮಾಣಪತ್ರ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ನೀಟ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು ಎಂಬುದೂ ನೆನಪಿರಲಿ.

ಬಿಪಿಟಿ, ಬಿಪಿಓ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಅಂಕಗಳೇ ಇದುವರೆಗೆ ಆಧಾರ. ಹೊಸ ಆಯೋಗ ಬಂದ ಮೇಲೆ ಪ್ರವೇಶದ ನಿಯಮಗಳು ಬದಲಾಗುತ್ತಿವೆ. ಆದ್ದರಿಂದ ಅಣ್ಣನ ಕಾಲದ ನಿಯಮ ನಂಬದೆ ನಿಮ್ಮ ವರ್ಷದ ಪ್ರಕಟಣೆಯನ್ನೇ ಓದಿ. ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗಗಳ ನಿಗಮಗಳ ‘ಅರಿವು’ ಸಾಲ, ಸರ್ಕಾರದ ವಿದ್ಯಾರ್ಥಿವೇತನಗಳು ಇವೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕಾರ್ಮಿಕ ಕುಟುಂಬಗಳ ಮಕ್ಕಳಿಗೆ ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಆದರೆ ಅದು ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ, ಮೊದಲ ಪದವಿಗಲ್ಲ. ಚಿಂಚೋಳಿಯ ತಾಂಡಾದ ಹುಡುಗಿ ಇಲ್ಲಿ ಬಿಪಿಟಿ ಮುಗಿಸಿ ಬ್ರಿಟನ್ನಿನ ಎಂಎಸ್ಸಿಗೆ ಹೋಗಬೇಕೆಂದರೆ, ತಾನು ಆ ಪಟ್ಟಿಯಲ್ಲಿ ಬರುತ್ತೇನೆಯೇ ಎಂದು ಈಗಲೇ ವಿಚಾರಿಸಿಡುವುದು ಒಳ್ಳೆಯದು.

ಈಗಿನಿಂದಲೇ ಏನು ಮಾಡಬಹುದು?

ಜೀವಶಾಸ್ತ್ರದ ಅಸ್ಥಿಪಂಜರದ ಪಾಠವನ್ನು ಚೆನ್ನಾಗಿ ಓದಿ. ಚಲನೆ, ಬಲ, ಸನ್ನೆಕೋಲಿನ ಭೌತಶಾಸ್ತ್ರವನ್ನು ಬಿಡಬೇಡಿ. ನಡಿಗೆಯನ್ನು ಅರ್ಥ ಮಾಡಿಸುವುದು ಅದೇ. ಎಲುಬುಗಳ ಇಂಗ್ಲಿಷ್ ಹೆಸರುಗಳನ್ನು ದಿನಕ್ಕೆ ಎರಡರಂತೆ ಕನ್ನಡದಲ್ಲಿ ಅರ್ಥ ಮಾಡಿಕೊಂಡು ಕಲಿತರೆ ಮೊದಲ ವರ್ಷದ ಭಯ ಅರ್ಧ ಇಳಿಯುತ್ತದೆ.

ಸುತ್ತಲಿನ ಪಾದಗಳನ್ನೂ ನೋಡಿ. ಬೇಸಿಗೆಯಲ್ಲಿ ಬಿರಿದ ಎರೆಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಖೋಖೋ ಆಡುವ ಮಕ್ಕಳು, ಶಹಾಬಾದ್ ಫರಸಿ ಗಣಿಯಲ್ಲಿ ದಿನವಿಡೀ ನಿಂತು ಕಲ್ಲು ಸೀಳುವವರು, ತೊಗರಿ ಹೊಲದ ಕೂಳೆ ತುಳಿದು ನಡೆಯುವವರು: ಭಾರ ಹೊರುವ ಪಾದದ ಪಾಠವೆಲ್ಲ ಇಲ್ಲಿದೆ. ಯಾರ ಬೂಟು ಯಾವ ಬದಿಗೆ ಸವೆದಿದೆ, ಉಳುಕಿದವನು ಎಷ್ಟು ದಿನಕ್ಕೆ ಮೈದಾನಕ್ಕೆ ಬಂದ, ಮತ್ತೆ ಉಳುಕಿತೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಚಿಕಿತ್ಸೆ ಕೊಡಲು ಹೋಗಬೇಡಿ. ನೋಡಿ ಬರೆಯುವುದಷ್ಟೇ ನಿಮ್ಮ ಕೆಲಸ. ರಜೆಯಲ್ಲಿ ಒಂದು ದಿನ ಕಲಬುರಗಿಗೆ ಹೋಗಿ. ಚಿಂಚೋಳಿಯವರಿಗೆ ಬಸ್ಸು, ಉಳಿದ ನಾಲ್ಕೂ ಊರಿನವರಿಗೆ ರೈಲೂ ಇದೆ. ಒಬ್ಬ ಫಿಸಿಯೋಥೆರಪಿಸ್ಟರ ಅನುಮತಿ ಕೇಳಿ ಅರ್ಧ ದಿನ ಅವರ ಕೆಲಸ ನೋಡಿ. ಅದು ಬೇಸರ ತಂದರೆ ಈ ಓದು ನಿಮಗಲ್ಲ ಎಂದು ಖರ್ಚಿಲ್ಲದೆ ಗೊತ್ತಾಗುತ್ತದೆ. ಹೊತ್ತು ಹೋದದ್ದೇ ಗೊತ್ತಾಗದಿದ್ದರೆ ಅದೂ ಒಂದು ಉತ್ತರ.

ಆಮೇಲೆ ಒಂದು ಹಾಳೆಯಲ್ಲಿ ಮೂರು ದಾರಿಗಳನ್ನು ಬರೆಯಿರಿ. ಎಷ್ಟು ವರ್ಷ, ಎಷ್ಟು ಖರ್ಚು, ಯಾವ ನೋಂದಣಿ, ಎಲ್ಲಿ ಕೆಲಸ ಎಂದು ಪ್ರತಿಯೊಂದರ ಮುಂದೆ ತುಂಬಿ, ತಂದೆತಾಯಿಗಳ ಮುಂದಿಡಿ. ಸೀಟು ಸಿಗುವುದೋ ಇಲ್ಲವೋ ಎಂಬ ಚಿಂತೆ ಆಮೇಲಿನದು. ಸರಿಯಾಗಿ ನೋಡಿದ್ದರೆ ವಾಸಿಯಾಗುತ್ತಿದ್ದ ಕಾಲಿನ ಕಾರಣಕ್ಕೆ ನಮ್ಮ ಮಕ್ಕಳು ಆಟ ಬಿಡಬಾರದು. ಅದಕ್ಕೆ ಈ ತಾಲ್ಲೂಕುಗಳಿಗೆ ಓದಿ ಬಂದ ಕೆಲವರಾದರೂ ಬೇಕು, ಮತ್ತು ಆ ಕೆಲಸ ನಿಮ್ಮಿಂದ ಆಗುತ್ತದೆ ಎಂದು ನಾನು ನಂಬಿದ್ದೇನೆ.